ಕಾಡು ಬೆಳೆದ ಅಂಗಳವನ್ನು ಮತ್ತೆ ಕೈತೋಟವಾಗಿಸುವುದು: ಕೊಡಗಿನಲ್ಲಿ ದುಡಿಯುವ ತಂದೆತಾಯಿಯರಿಗೊಂದು ಮಾರ್ಗದರ್ಶಿ

ಕೊಡಗಿನಲ್ಲಿ ತೋಟ ಎಂದೊಡನೆ ಎಲ್ಲರಿಗೂ ಕಾಫಿ ತೋಟವೇ ನೆನಪಾಗುತ್ತದೆ. ಇಲ್ಲಿ ನಾನು ಬರೆಯಹೊರಟಿರುವುದು ಮನೆಯ ಸುತ್ತಲಿನ ಹತ್ತಿಪ್ಪತ್ತು ಸೆಂಟು ಜಾಗದ ಬಗ್ಗೆ. ಒಂದು ಕಾಲದಲ್ಲಿ ಹೂವು, ಹಣ್ಣು, ಸೊಪ್ಪು ಕೊಡುತ್ತಿದ್ದು, ನೋಡಿಕೊಳ್ಳುವವರಿಲ್ಲದೆ ಎರಡು ಮಳೆಗಾಲ ಕಳೆದರೆ ಸಾಕು, ಮೆಟ್ಟಿಲೂ ಕಾಣದಂತೆ ಮುಚ್ಚಿಹೋಗುವ ಜಾಗವದು.

ಮಡಿಕೇರಿಯ ಹೊರವಲಯದ ಇಳಿಜಾರಿನಲ್ಲಿರುವ ನಮ್ಮ ಮನೆ, ಅತ್ತೆ ಮಾವ ತೀರಿಕೊಂಡ ಬಳಿಕ ನಾಲ್ಕು ವರ್ಷ ಬೀಗ ಹಾಕಿಯೇ ಇತ್ತು. ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳೊಂದಿಗೆ ನಾವು ಅಲ್ಲಿಗೆ ಬಂದಾಗ ಅಂಗಳವೆಂಬುದು ಹೆಸರಿಗೆ ಮಾತ್ರ ಉಳಿದಿತ್ತು. ಶಾಲೆಗೆ ಬೇಸಿಗೆ ರಜೆ ಇದ್ದ ಮೇ ತಿಂಗಳಿನಲ್ಲಿ ಇಬ್ಬರು ಆಳುಗಳನ್ನೂ ಹುಲ್ಲು ಕತ್ತರಿಸುವ ಯಂತ್ರವನ್ನೂ ತರಿಸಿ, ಎರಡೇ ದಿನದಲ್ಲಿ ಹೆಚ್ಚುಕಡಿಮೆ ಇಡೀ ಇಳಿಜಾರನ್ನು ಬೋಳು ಮಾಡಿಸಿದೆವು. ನೋಡಲು ಬಹಳ ಚೆನ್ನಾಗಿತ್ತು. ಜೂನ್ ಎರಡನೇ ವಾರದ ಒಂದು ರಾತ್ರಿಯ ಮಳೆಗೆ ಕೆಂಪು ನೀರು ಅಡುಗೆಮನೆಯ ಹಿಂಬದಿಯ ಚರಂಡಿಯನ್ನು ತುಂಬಿ, ಬಾಗಿಲ ಹೊಸ್ತಿಲವರೆಗೂ ಬಂತು. ಅತ್ತೆ ವರ್ಷಗಟ್ಟಲೆ ಸಗಣಿ ಗೊಬ್ಬರ ಹಾಕಿ ಕಪ್ಪಾಗಿಸಿದ್ದ ಮೇಲ್ಮಣ್ಣು ಆ ನೀರಿನೊಂದಿಗೆ ರಸ್ತೆಗೆ ಹೋಯಿತು. ಉಳಿದ ಗಟ್ಟಿ ನೆಲದಲ್ಲಿ ಆಗಸ್ಟ್ ಹೊತ್ತಿಗೆ ಹಿಂದಿಗಿಂತಲೂ ದಟ್ಟವಾಗಿ ಕಳೆ ಎದ್ದಿತು.

ಆ ತಪ್ಪಿನಿಂದ ಕಲಿತ ನಿಯಮವೇ ಈ ಲೇಖನದ ಬುನಾದಿ: ಒಂದು ವಾರದಲ್ಲಿ ಎಷ್ಟು ನೆಲವನ್ನು ಮತ್ತೆ ಮುಚ್ಚಲು ನಿಮ್ಮಿಂದ ಸಾಧ್ಯವೋ, ಅಷ್ಟನ್ನೇ ಆ ವಾರ ತೆರೆಯಬೇಕು. ಮುಚ್ಚುವುದೆಂದರೆ ಗಿಡ ನೆಡುವುದೇ ಆಗಬೇಕಿಲ್ಲ. ಒಣ ಎಲೆಯೋ ರಟ್ಟೋ ಸಾಕು. ಬಿಡುವಿಲ್ಲದ ತಂದೆತಾಯಿಗೆ ಈ ನಿಯಮ ಅನುಕೂಲವೂ ಹೌದು, ಏಕೆಂದರೆ ಅದು ಕೆಲಸವನ್ನು ತಾನಾಗಿಯೇ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತದೆ.

ಯಾವಾಗ ಆರಂಭಿಸಬೇಕು

ಕೊಡವರ ಕೈಲ್‌ಪೊಳ್ದ್ ಹಬ್ಬ ಮುಗಿದು, ಮಳೆಯ ಬಿರುಸು ಇಳಿಯುವ ಸೆಪ್ಟೆಂಬರ್ ಕೊನೆಯೇ ಸರಿಯಾದ ಹೊತ್ತು. ಆಗ ನೆಲ ಇನ್ನೂ ಮೆತ್ತಗಿರುವುದರಿಂದ ಬೇರುಗಳು ಸುಲಭವಾಗಿ ಕಿತ್ತುಬರುತ್ತವೆ. ಕಿತ್ತದ್ದು ಒಣಗುವಷ್ಟು ಬಿಸಿಲೂ ಬೀಳಲಾರಂಭಿಸುತ್ತದೆ. ಇದೇ ಕೆಲಸಕ್ಕೆ ಜನವರಿಯಲ್ಲಿ ಕೈಹಾಕಿದರೆ ಮಣ್ಣು ಗಟ್ಟಿಯಾಗಿ, ಗಿಡದ ತಲೆ ಮಾತ್ರ ಕೈಗೆ ಬಂದು ಬುಡ ಒಳಗೇ ಉಳಿಯುತ್ತದೆ. ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ. ನವೆಂಬರ್ ಕೊನೆಯಿಂದ ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ ಕಾಫಿ ಕೊಯ್ಲು ಆರಂಭವಾದರೆ ಮನೆಗೆಲಸಕ್ಕೆ ಆಳು ಸಿಗುವುದು ದುಸ್ತರ. ಆಳಿನ ನೆರವು ಬೇಕೇ ಬೇಕೆನಿಸಿದ ಭಾರಿ ಕೆಲಸಗಳನ್ನು ಅಕ್ಟೋಬರ್‌ನಲ್ಲಿಯೇ ಮುಗಿಸಿಕೊಳ್ಳಬೇಕು. ಮಕ್ಕಳಿಗೆ ದಸರಾ ರಜೆ ಇರುವುದೂ ಆಗಲೇ.

ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಮಳೆಯೇ ಎಲ್ಲದರ ಯಜಮಾನ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ. ಅಲ್ಲಿಯವರು ಇಲ್ಲಿ ಹೇಳುವ ಇಳಿಜಾರಿನ ಎಚ್ಚರಿಕೆಗಳನ್ನು ಸ್ವಲ್ಪ ಸಡಿಲಿಸಿಕೊಂಡು, ಬೇಸಿಗೆಯ ನೀರಿನ ಬಗ್ಗೆ ಹೆಚ್ಚು ಯೋಚಿಸಬೇಕು.

ಮೊದಲ ಎರಡು ವಾರ ಕತ್ತಿಯನ್ನು ಮುಟ್ಟಬೇಡಿ

ಮೊದಲ ಕೆಲಸ ನೋಡುವುದು. ಮನೆಯ ನಾಲ್ಕೂ ಕಡೆಯಿಂದ, ಮೇಲಂತಸ್ತಿದ್ದರೆ ಅಲ್ಲಿಂದಲೂ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಒಂದು ನೋಟ್ ಪುಸ್ತಕದಲ್ಲಿ ಜಾಗದ ಒರಟು ನಕ್ಷೆ ಬರೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಎಲ್ಲಿ ದಿನವಿಡೀ ತೇವ ಇರುತ್ತದೆ ಎಂಬುದನ್ನು ಗುರುತು ಹಾಕಿ. ಆ ಮನೆಯನ್ನು ಮೊದಲಿನಿಂದ ಬಲ್ಲ ನೆರೆಯ ಹಿರಿಯರೊಬ್ಬರನ್ನು ಕರೆದು ಚಹಾ ಕೊಟ್ಟು ಕೇಳಿದರೆ ನಕ್ಷೆ ಇನ್ನಷ್ಟು ತುಂಬುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಬಂದು, ಎದೆಯೆತ್ತರದ ಪೊದೆಯೊಂದನ್ನು ಕೋಲಿನಿಂದ ತೋರಿಸಿ, "ಇಲ್ಲಿ ನಿನ್ನ ಅತ್ತೆಯ ನೀಲಿ ಹೈಡ್ರೇಂಜಿಯಾ ಸಾಲು ಇತ್ತು ಮಗಳೇ, ಅದರ ಕೆಳಗೆ ಕಲ್ಲಿನ ಮೆಟ್ಟಿಲು" ಎಂದರು. ಯಂತ್ರ ಅಷ್ಟು ದೂರ ತಲುಪದೆ ಆ ಮೂಲೆ ಉಳಿದಿತ್ತು. ಬಳ್ಳಿಯನ್ನು ಕೈಯಿಂದ ಸರಿಸಿ ನೋಡಿದಾಗ, ಬೆರಳಿನಷ್ಟು ಸಣ್ಣಗಾದ ಬಿಳಿಚಿದ ರೆಂಬೆಗಳ ತುದಿಯಲ್ಲಿ ಎರಡೆರಡು ಎಲೆ ಹೊತ್ತು ಗಿಡಗಳು ಬದುಕಿದ್ದವು.

ಉಳಿಸಬೇಕೆನಿಸಿದ ಪ್ರತಿಯೊಂದು ಗಿಡಕ್ಕೂ ಹಳೆಯ ಸೀರೆಯ ಅಂಚನ್ನೋ ಬಣ್ಣದ ಬಟ್ಟೆಯನ್ನೋ ಕಟ್ಟಿ. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಅವರು ನಿಮಗಿಂತ ಹೆಚ್ಚು ಗಿಡಗಳನ್ನು ಉಳಿಸುತ್ತಾರೆ, ಅದರಿಂದ ನಷ್ಟವೇನೂ ಇಲ್ಲ. ಆಳುಗಳು ಬಂದ ದಿನ ಬಟ್ಟೆ ಕಟ್ಟಿದ ಗಿಡಕ್ಕೆ ಕತ್ತಿ ತಾಗಿಸಬಾರದೆಂದು ಒಂದು ಮಾತು ಹೇಳಿದರೆ ಸಾಕಾಗುತ್ತದೆ.

ಹಾವು, ಜಿಗಣೆ ಮತ್ತು ವಿಷದ ಗಿಡಗಳು

ಮಕ್ಕಳಿರುವ ಮನೆಯಲ್ಲಿ ಇದು ಎಲ್ಲಕ್ಕಿಂತ ಮುಂಚಿನ ವಿಚಾರ. ಕಾಡು ಬೆಳೆದ ಅಂಗಳದಲ್ಲಿ ಹಾವು ಇದ್ದೇ ಇದೆ ಎಂದುಕೊಂಡೇ ಕೆಲಸಕ್ಕಿಳಿಯಬೇಕು. ನಾಗರ, ಕೊಳಕುಮಂಡಲಗಳ ಜೊತೆಗೆ, ಒಣ ಎಲೆಯ ಬಣ್ಣವನ್ನೇ ಹೊತ್ತು ಎಲೆಗಳ ನಡುವೆ ಸುರುಳಿ ಸುತ್ತಿ ಮಲಗುವ ಚಿಕ್ಕ ಮಂಡಲದ ಹಾವುಗಳೂ ನಮ್ಮ ಕಡೆ ಇವೆ. ಅವು ಕಣ್ಣಿಗೆ ಬೀಳುವುದೇ ಅಪರೂಪ. ಆದುದರಿಂದ ಮೊಣಕಾಲುದ್ದದ ಗಂಬೂಟು, ದಪ್ಪ ಕೈಗವಸು ಇಲ್ಲದೆ ಪೊದೆಯೊಳಗೆ ಕೈಯಿಡಬಾರದು. ಕೆಲಸಕ್ಕೆ ಮೊದಲು ಉದ್ದ ಕೋಲಿನಿಂದ ನೆಲವನ್ನು ಬಡಿದು ಐದು ನಿಮಿಷ ಕಾಯಬೇಕು. ಕಲ್ಲು, ಹಂಚು, ಕಟ್ಟಿಗೆಯ ರಾಶಿಗಳನ್ನು ಬರಿಗೈಯಿಂದ ಎತ್ತದೆ ಹಾರೆಯ ತುದಿಯಿಂದ ನಿಮ್ಮ ಕಡೆಗೆ ಮಗುಚಬೇಕು, ಆಗ ಒಳಗಿದ್ದದ್ದು ಎದುರು ಬದಿಗೆ ಹೋಗುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದನ್ನೂ ಮಾಡದೆ, ಉಂಗುರ ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಬೇಕು. ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಹೋಗಿ ಹೊತ್ತು ಕಳೆಯಬಾರದು.

ಜಿಗಣೆಗೆ ಹೆದರಬೇಕಿಲ್ಲ. ಕಾಲುಚೀಲದ ಹೊರಬದಿಗೆ ಹೊಗೆಸೊಪ್ಪಿನ ನೀರನ್ನೋ ಉಪ್ಪನ್ನೋ ಸವರಿದರೆ ಹತ್ತುವುದಿಲ್ಲ.

ಅದಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಚಂದ ಕಾಣುವ ವಿಷದ ಗಿಡಗಳಿಗೆ. ನಮ್ಮ ಹಳೆಯ ಬಂಗಲೆಗಳ ಬೇಲಿಯಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ತುತ್ತೂರಿ ಹೂವಿನ ಗಿಡ ದತ್ತೂರಿಯ ಹತ್ತಿರದ ಬಂಧು. ಅದರ ಎಲೆ, ಹೂವು, ಬೀಜ ಎಲ್ಲವೂ ವಿಷ. ಕಣಗಿಲೆಯೂ ಹಾಗೆಯೇ. ಕೆಂಪು ಕಪ್ಪು ಗುಲಗಂಜಿ, ಹರಳು ಬೀಜ, ಬಿಳಿ ಚುಕ್ಕೆಯ ದಪ್ಪ ಎಲೆಯ ಡಿಫೆನ್‌ಬಾಕಿಯಾ, ಲಂಟಾನದ ಹಸಿರು ಕಾಯಿ, ಇವೆಲ್ಲ ಐದು ವರ್ಷದೊಳಗಿನ ಮಕ್ಕಳ ಕೈಗೆ ಸಿಗುವ ಎತ್ತರದಲ್ಲೇ ಇರುತ್ತವೆ. ಮಕ್ಕಳು ಆಡುವ ಜಾಗದಿಂದ ಇವನ್ನು ಮೊದಲ ವಾರವೇ ತೆಗೆಸಿ. ಕಣಗಿಲೆಯ ಕಡ್ಡಿಯನ್ನು ಒಲೆಗೆ ಹಾಕಬೇಡಿ, ಅದರ ಹೊಗೆಯೂ ಕೆಡುಕು.

ಹುಲ್ಲು ಕತ್ತರಿಸುವ ಯಂತ್ರ ಓಡುವಾಗ ಮಕ್ಕಳು ಮನೆಯೊಳಗೇ ಇರಬೇಕು. ಅದರ ತಂತಿ ಎಸೆಯುವ ಸಣ್ಣ ಕಲ್ಲು ಕಿಟಕಿಯ ಗಾಜನ್ನೇ ಒಡೆಯಬಲ್ಲದು.

ಹೊತ್ತಿನ ಲೆಕ್ಕ

ಇಬ್ಬರೂ ದುಡಿಯುವ ಮನೆಯಲ್ಲಿ ಭಾನುವಾರವಿಡೀ ಅಂಗಳಕ್ಕೆ ಕೊಡುವೆನೆಂಬ ಸಂಕಲ್ಪ ಮೂರು ವಾರ ನಿಲ್ಲುವುದಿಲ್ಲ. ಮದುವೆ, ತಿಥಿ, ಜ್ವರ, ಪರೀಕ್ಷೆ ಒಂದಿಲ್ಲೊಂದು ಬರುತ್ತದೆ. ನಮಗೆ ಒಗ್ಗಿದ್ದು ಈ ಕ್ರಮ: ವಾರದಲ್ಲಿ ಮೂರು ದಿನ ಬೆಳಿಗ್ಗೆ, ಶಾಲಾ ವಾಹನ ಹೋದ ಮೇಲಿನ ಇಪ್ಪತ್ತು ನಿಮಿಷ, ಭಾನುವಾರ ತಿಂಡಿಯ ನಂತರ ಒಂದೂವರೆ ಗಂಟೆ. ಇಪ್ಪತ್ತು ನಿಮಿಷದಲ್ಲಿ ಹೊಸ ಜಾಗ ತೆರೆಯಬಾರದು. ಹಿಂದಿನ ಭಾನುವಾರ ತೆರೆದ ಜಾಗದಲ್ಲಿ ಮತ್ತೆ ಎದ್ದ ಮೊಳಕೆಗಳನ್ನು ಕಿತ್ತು, ಮುಚ್ಚಿಗೆಯನ್ನು ಸರಿಪಡಿಸಬೇಕು. ಭಾನುವಾರಕ್ಕೆ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದೇ ಒಂದು ಚೌಕವನ್ನು ಹಗ್ಗ ಕಟ್ಟಿ ಗುರುತಿಸಿಕೊಳ್ಳಬೇಕು. ಹಗ್ಗದಾಚೆಯದು ಎಷ್ಟೇ ಕಣ್ಣು ಕುಕ್ಕಿದರೂ ಆ ದಿನ ನಿಮ್ಮದಲ್ಲ. ಹಗ್ಗವಿಲ್ಲದೆ ಕೆಲಸ ಮಾಡಿದ ಭಾನುವಾರಗಳಲ್ಲಿ ನಾನು ಮೂರು ಕಡೆ ಆರಂಭಿಸಿ ಒಂದನ್ನೂ ಮುಗಿಸದೆ ಒಳಗೆ ಬಂದಿದ್ದೇನೆ.

ಉಪಕರಣಗಳು ಹೆಚ್ಚು ಬೇಡ. ಒಂದು ಕತ್ತಿ, ಸಣ್ಣ ಗುದ್ದಲಿ, ಹಾರೆ, ರೆಂಬೆ ಕತ್ತರಿಸುವ ಕೈಕತ್ತರಿ, ಎರಡು ಬುಟ್ಟಿ. ಇವನ್ನು ಬಾಗಿಲ ಪಕ್ಕದಲ್ಲೇ ಮಕ್ಕಳ ಕೈಗೆ ಎಟುಕದ ಮೊಳೆಯಲ್ಲಿ ತೂಗುಹಾಕಿ. ಉಗ್ರಾಣದಿಂದ ಹುಡುಕಿ ತರಬೇಕಾದರೆ ಇಪ್ಪತ್ತರಲ್ಲಿ ಎಂಟು ನಿಮಿಷ ಅಲ್ಲಿಯೇ ಕಳೆಯುತ್ತದೆ.

ಬಾಗಿಲಿನಿಂದ ಹೊರಕ್ಕೆ

ಮೊದಲ ಚೌಕ ಮನೆಯ ಮುಂಬಾಗಿಲಿಗೆ ತಾಗಿಕೊಂಡೇ ಇರಲಿ. ಎರಡನೆಯದು ಬಟ್ಟೆ ಒಣಗಿಸುವ ಜಾಗ, ಮೂರನೆಯದು ನೀರಿನ ತೊಟ್ಟಿಗೆ ಹೋಗುವ ದಾರಿ. ಗೋಡೆಯ ಸುತ್ತ ಮೂರು ಅಡಿ ಬಯಲು ಮಾಡಿಕೊಂಡರೆ ಹಾವು ಇಲಿಗಳು ಮನೆಯ ಹತ್ತಿರ ಸುಳಿಯುವುದು ಕಡಿಮೆಯಾಗುತ್ತದೆ, ಗೋಡೆಯೂ ಬೇಗ ಒಣಗುತ್ತದೆ. ಈ ಹಂತದಲ್ಲಿ ಕಾಣಸಿಗುವ ಒಡೆದ ಕುಂಡ, ತೆಂಗಿನ ಚಿಪ್ಪು, ಟಯರು, ಪ್ಲಾಸ್ಟಿಕ್ ಡಬ್ಬಿಗಳನ್ನು ಅಂದೇ ಎತ್ತಬೇಕು. ಡೆಂಗಿ ಹರಡುವ ಸೊಳ್ಳೆ ಇಂತಹ ನಿಂತ ನೀರಿನಲ್ಲಿಯೇ ಮೊಟ್ಟೆಯಿಟ್ಟು, ಒಂದು ವಾರ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ.

ಕಳೆಗಳು: ಒಂದೊಂದಕ್ಕೂ ಒಂದೊಂದು ಮದ್ದು

ಎಲ್ಲ ಕಳೆಯನ್ನೂ ಒಂದೇ ರೀತಿಯಲ್ಲಿ ಕಡಿದುಹಾಕುವುದೇ ಹೆಚ್ಚಿನವರು ಮಾಡುವ ತಪ್ಪು. ಕೊಡಗಿನ ಅಂಗಳಗಳಲ್ಲಿ ಮತ್ತೆ ಮತ್ತೆ ಎದುರಾಗುವ ನಾಲ್ಕೈದು ಕಳೆಗಳ ಗುಣವನ್ನು ಅರಿತುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಲಂಟಾನ ಮೂಲತಃ ಅಮೆರಿಕ ಖಂಡದ ಉಷ್ಣವಲಯದ್ದು. ಬ್ರಿಟಿಷರ ಕಾಲದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು, ಈಗ ಕಾಡು ತೋಟಗಳನ್ನೆಲ್ಲ ಆಕ್ರಮಿಸಿದೆ. ಇದನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಆರು ಚಿಗುರು ಬರುತ್ತವೆ. ಸರಿಯಾದ ಕ್ರಮವೆಂದರೆ, ಮೊದಲು ಮೇಲಿನ ಮುಳ್ಳು ರೆಂಬೆಗಳನ್ನು ಕತ್ತಿಯಿಂದ ಸವರಿ, ಬುಡದ ಸುತ್ತ ಮೂರು ನಾಲ್ಕು ಅಂಗುಲ ಮಣ್ಣು ಸರಿಸುವುದು. ಅಲ್ಲಿ ಕಾಂಡ ಮುಗಿದು ಬೇರು ಆರಂಭವಾಗುವ ಕಡೆ ಒಂದು ದಪ್ಪ ಗಂಟು ಕಾಣುತ್ತದೆ. ಚಿಗುರೆಲ್ಲ ಹುಟ್ಟುವುದು ಆ ಗಂಟಿನಿಂದಲೇ. ಗಂಟಿನ ಕೆಳಗೆ ಬೇರನ್ನು ಕತ್ತರಿಸಿ, ಇಡೀ ಬುಡವನ್ನು ಎತ್ತಿ ತಲೆಕೆಳಗಾಗಿ ಬಿಸಿಲಿಗೆ ನಿಲ್ಲಿಸಬೇಕು. ಕೆಳಗುಳಿದ ಬೇರು ಅಲ್ಲಿಯೇ ಕೊಳೆಯುತ್ತದೆ. ಅದನ್ನು ಅಗೆದು ತೆಗೆಯಬೇಕಿಲ್ಲ, ಇಳಿಜಾರಿನಲ್ಲಿ ತೆಗೆಯಲೂ ಬಾರದು, ಏಕೆಂದರೆ ಮಣ್ಣನ್ನು ಸದ್ಯಕ್ಕೆ ಹಿಡಿದಿಟ್ಟಿರುವುದು ಅದೇ.

ಕಮ್ಯುನಿಸ್ಟ್ ಗಿಡವೆಂದು ನಾವು ಕರೆಯುವ ಯುಪಟೋರಿಯಂಗೆ ಕಾಲವೇ ಮುಖ್ಯ. ಮಳೆ ಮುಗಿದು ಚಳಿ ಬೀಳುವ ಹೊತ್ತಿಗೆ ಅದು ಹೂಬಿಡುತ್ತದೆ, ಆಮೇಲೆ ಹತ್ತಿಯಂತಹ ಹಗುರ ಬೀಜಗಳು ಗಾಳಿಯಲ್ಲಿ ಹಾರಿ ಊರೆಲ್ಲ ಹರಡುತ್ತವೆ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರುವ ಸುಗ್ಗಿ ಹಬ್ಬ ಪುತ್ತರಿಯೊಳಗೆ ಕಿತ್ತರೆ ಅದೇ ಗಿಡ ಒಳ್ಳೆಯ ಹಸಿರು ಗೊಬ್ಬರ; ಪುತ್ತರಿಯ ನಂತರ ಕಿತ್ತರೆ ಕಿತ್ತವರೇ ಬೀಜ ಬಿತ್ತಿದಂತೆ. ಬಯಲುಸೀಮೆಗೆ ತಾಗಿದ ಕುಶಾಲನಗರದ ಕಡೆ ಇದರ ಜೊತೆಗೆ ಕಾಂಗ್ರೆಸ್ ಗಿಡವೂ ಸೇರಿಕೊಳ್ಳುತ್ತದೆ. ಎರಡು ಪಕ್ಷಗಳ ಹೆಸರನ್ನೂ ಕಳೆಗೆ ಇಟ್ಟ ನಮ್ಮ ಜನರ ನಿಷ್ಪಕ್ಷಪಾತವನ್ನು ಮೆಚ್ಚಬೇಕು. ಕಾಂಗ್ರೆಸ್ ಗಿಡವನ್ನು ಕೈಗವಸಿಲ್ಲದೆ ಕೀಳಬೇಡಿ. ಚರ್ಮದ ಅಲರ್ಜಿ, ಉಬ್ಬಸ ಇರುವ ಮಕ್ಕಳು ಹತ್ತಿರ ಬರದಿರಲಿ.

ಮೈಕೇನಿಯಾ ಬಳ್ಳಿ ಎಲ್ಲಕ್ಕಿಂತ ಮೋಸದ್ದು. ಹೃದಯದ ಆಕಾರದ ಎಲೆಯ, ಎಳೆದರೆ ಸುಲಭವಾಗಿ ಬರುವ ಈ ಬಳ್ಳಿಯನ್ನು ಎಳೆದು ರಾಶಿ ಹಾಕಿ ಕೆಲಸ ಮುಗಿಯಿತೆಂದುಕೊಂಡರೆ, ತೇವದ ನೆಲಕ್ಕೆ ತಾಗಿದ ಪ್ರತಿಯೊಂದು ಗೆಣ್ಣಿನಿಂದಲೂ ಬೇರೊಡೆದು ರಾಶಿಯೇ ಹೊಸ ಪೊದೆಯಾಗುತ್ತದೆ. ಆದುದರಿಂದ ಇದನ್ನು ನೆಲಕ್ಕೆ ಹಾಕಲೇಬಾರದು. ನಮ್ಮ ಮನೆಯಲ್ಲಿ ಬಟ್ಟೆಯ ಹಗ್ಗದಂತೆ ಹಳೆಯ ತಂತಿಯೊಂದನ್ನು ಕಟ್ಟಿ, ದೊಡ್ಡ ಮಗ ಬಳ್ಳಿಯನ್ನು ಅದರ ಮೇಲೆ ಹರವುವ ಕೆಲಸ ವಹಿಸಿಕೊಂಡ. ಬಿಸಿಲಿನಲ್ಲಿ ಒಂದು ವಾರ ಕಳೆದರೆ ಅದು ಕಡ್ಡಿಯಾಗಿ ಒಣಗುತ್ತದೆ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಮರ ಹತ್ತಿದ ಬಳ್ಳಿಯನ್ನು ಎಳೆಯಬೇಡಿ, ರೆಂಬೆ ಮುರಿದು ಬೀಳುತ್ತದೆ. ಎದೆಯೆತ್ತರದಲ್ಲಿ ಒಮ್ಮೆ, ನೆಲಮಟ್ಟದಲ್ಲಿ ಒಮ್ಮೆ ಕತ್ತರಿಸಿ ಬಿಟ್ಟರೆ ಮೇಲಿನದು ತಾನಾಗಿಯೇ ಒಣಗಿ ಉದುರುತ್ತದೆ.

ಕೊನ್ನಾರಿಗೆ ಗುದ್ದಲಿ ಹಾಕಿದಷ್ಟೂ ಗಡ್ಡೆಗಳ ಸರಪಳಿ ತುಂಡಾಗಿ ಹರಡುತ್ತದೆ. ಅದಿರುವ ಜಾಗದ ಮೇಲೆ ಅಂಟುಪಟ್ಟಿ ತೆಗೆದ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ, ನೀರು ಚಿಮುಕಿಸಿ, ಅರ್ಧ ಅಡಿ ದಪ್ಪ ಎಲೆ ಹರಡಬೇಕು. ಅಂಚಿನಲ್ಲಿ ತಲೆಯೆತ್ತಿದ್ದನ್ನು ವಾರಕ್ಕೊಮ್ಮೆ ಕೀಳುತ್ತಿದ್ದರೆ ಗಡ್ಡೆಯ ಶಕ್ತಿ ಕ್ರಮೇಣ ಕುಂದುತ್ತದೆ. ರಟ್ಟಿಗೆ ಗೆದ್ದಲು ಬರುತ್ತದೆ. ಆದುದರಿಂದ ಮರದ ಕಂಬ, ಬಾಗಿಲ ಚೌಕಟ್ಟುಗಳಿಂದ ಮೂರು ಅಡಿ ದೂರವಿಡಿ.

ಮುಟ್ಟಿದರೆ ಮುನಿ, ನಾಯಿತುಳಸಿ ಮುಂತಾದವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಹೂಬಿಡುವ ಮುನ್ನ ಸವರುತ್ತಿದ್ದರೆ ಸಾಕು.

ಕಳೆನಾಶಕ ಸಿಂಪಡಿಸಿ ಒಂದೇ ದಿನದಲ್ಲಿ ಮುಗಿಸಿರೆಂದು ಸಲಹೆ ಕೊಡುವವರು ಸಿಗುತ್ತಾರೆ. ಮಕ್ಕಳು ಬರಿಗಾಲಲ್ಲಿ ಓಡಾಡುವ, ಕೆಳಗಡೆ ಬಾವಿಯೋ ತೋಡೋ ಇರುವ ಜಾಗಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಒಣಗಿಸಿ ಬೆಂಕಿ ಹಾಕುವುದನ್ನೂ ಒಪ್ಪುವುದಿಲ್ಲ. ಫೆಬ್ರವರಿ ಮಾರ್ಚಿನ ಗಾಳಿಗೆ ಒಂದು ಕಿಡಿ ಪಕ್ಕದ ತೋಟಕ್ಕೆ ದಾಟಿದರೆ ನೆರೆಹೊರೆಯ ಸಂಬಂಧವೂ ಸುಟ್ಟುಹೋಗುತ್ತದೆ.

ಕಿತ್ತದ್ದನ್ನು ಗೊಬ್ಬರವಾಗಿಸುವುದು

ನೆರಳಿನ ಒಂದು ಮೂಲೆಯಲ್ಲಿ ನಾಲ್ಕಡಿ ಉದ್ದಗಲದ ಎರಡು ಅಂಕಣಗಳನ್ನು ಗೂಟ ನೆಟ್ಟು ಮಾಡಿಕೊಳ್ಳಿ. ಒಂದು ಪದರ ಹಸಿ ಕಳೆ, ಎರಡು ಪದರ ಒಣ ಎಲೆ, ಮೇಲೊಂದಿಷ್ಟು ಸಗಣಿ ನೀರು; ಹತ್ತಿರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಇದ್ದರೆ ಕೊಳೆತ ಕಾಫಿ ಸಿಪ್ಪೆಯೂ ಬಹಳ ಒಳ್ಳೆಯದು. ನಮ್ಮ ಮಳೆಯಲ್ಲಿ ಬಯಲಿಗೆ ಬಿಟ್ಟ ಗೊಬ್ಬರದ ಸಾರವೆಲ್ಲ ತೊಳೆದು ಹೋಗುವುದರಿಂದ, ಮೇ ಕೊನೆಗೆ ಮುನ್ನ ಮೇಲೆ ಹಳೆಯ ತಗಡನ್ನು ಇಳಿಜಾರಾಗಿ ಹೊದಿಸಲೇಬೇಕು. ಬೀಜ ಕಟ್ಟಿದ ಕಳೆಯನ್ನು ಮಾತ್ರ ಇದಕ್ಕೆ ಸೇರಿಸಬೇಡಿ.

ಹಳೆಯ ಗಿಡ ಮರಗಳ ಚೇತರಿಕೆ

ಪೊದೆ ಸರಿದ ಮೇಲೆ ಸಿಕ್ಕಿದ ಹಳೆಯ ಗಿಡಗಳಿಗೆ ಕೂಡಲೇ ಕತ್ತರಿ ಹಾಕುವ ಆಸೆಯನ್ನು ತಡೆದುಕೊಳ್ಳಬೇಕು. ವರ್ಷಗಟ್ಟಲೆ ನೆರಳಿನಲ್ಲಿದ್ದ ಗಿಡಕ್ಕೆ ಬಿಸಿಲೇ ಒಂದು ಆಘಾತ. ಒಂದು ತಿಂಗಳು ಬುಡಕ್ಕೆ ಗೊಬ್ಬರ, ಮುಚ್ಚಿಗೆ ಕೊಟ್ಟು ಸುಮ್ಮನಿರಿ. ಕತ್ತರಿಸುವ ಕಾಲವನ್ನು ಗಿಡದ ಹೂವಿನ ಕಾಲ ನಿರ್ಧರಿಸುತ್ತದೆ. ಹೈಡ್ರೇಂಜಿಯಾ ಮತ್ತು ಅಜೇಲಿಯಾಗಳಲ್ಲಿ ಮುಂದಿನ ಹೂವಿನ ಮೊಗ್ಗು ಈ ವರ್ಷದ ರೆಂಬೆಯಲ್ಲಿಯೇ ಮೊದಲೇ ಕೂತಿರುತ್ತದೆ. ಅವನ್ನು ಹೂ ಮುಗಿದ ಕೂಡಲೇ ಕತ್ತರಿಸಬೇಕು. ಅತ್ತೆಯ ಹೈಡ್ರೇಂಜಿಯಾಗಳನ್ನು ನಾನು ಡಿಸೆಂಬರ್‌ನಲ್ಲಿ ಮೊಣಕಾಲಿನವರೆಗೆ ಕತ್ತರಿಸಿ, ಮುಂದಿನ ವರ್ಷವಿಡೀ ಎಲೆಯನ್ನಷ್ಟೇ ನೋಡಿದೆ. ಸತ್ತ ಮತ್ತು ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು. ಗುಲಾಬಿಗೆ ಅಕ್ಟೋಬರ್ ಒಳ್ಳೆಯದು: ಹೊರಮುಖವಾದ ಚಿಗುರು ಕಣ್ಣಿನ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಗಿಡವನ್ನು ಅರ್ಧದಷ್ಟಕ್ಕೆ ಇಳಿಸಿ. ದಾಸವಾಳ ಎಲ್ಲವನ್ನೂ ಕ್ಷಮಿಸುತ್ತದೆ.

ಹೈಡ್ರೇಂಜಿಯಾದ ನೀಲಿಯ ಬಗ್ಗೆ ಒಂದು ಮಾತು. ಕೊಡಗಿನ ಮಳೆ ತೊಳೆದ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಗಿಡಕ್ಕೆ ಸುಲಭವಾಗಿ ಸಿಗುವುದರಿಂದಲೇ ಅದು ನೀಲಿಯಾಗಿರುತ್ತದೆ. ತರಕಾರಿ ಪಾತಿಗೆ ಹಾಕಿದ ಸುಣ್ಣ ಹರಿದು ಬುಡಕ್ಕೆ ಬಂದರೆ ಹೂವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಮರಗಳ ವಿಚಾರದಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿಯಬೇಕು. ರೆಂಬೆಯ ಮೇಲೆ ಕೂತಿರುವ ಪಾಚಿ, ಜರೀಗಿಡ, ಸೀತಾಳೆ ದಂಡೆಯಂತಹ ಆರ್ಕಿಡ್‌ಗಳು ಮರದ ರಸ ಹೀರುವುದಿಲ್ಲ. ಮರ ಅವಕ್ಕೆ ಬರಿಯ ಆಸರೆ. ಮರ ಚೊಕ್ಕಟವಾಗಲೆಂದು ಅವನ್ನು ಕೆರೆದು ಬಿಸಾಡುವುದು ದೊಡ್ಡ ನಷ್ಟ. ಆದರೆ ಬಂದಳಿಕೆ ಹಾಗಲ್ಲ. ಕಿತ್ತಳೆ, ಸೀಬೆ, ಮಾವಿನ ರೆಂಬೆಗಳಲ್ಲಿ ಬೇರೆಯದೇ ಎಲೆಯ ಗುಂಪು ಕಂಡರೆ, ಅದು ಅಂಟಿಕೊಂಡಿರುವ ಕಡೆ ರೆಂಬೆ ಗಂಟಾಗಿ ಊದಿದ್ದರೆ, ಅದು ಬಂದಳಿಕೆಯೇ. ಎಲೆಯನ್ನಷ್ಟೇ ಕಿತ್ತರೆ ಮತ್ತೆ ಬರುತ್ತದೆ. ಗಂಟಿಗಿಂತ ಒಂದಡಿ ಹಿಂದಕ್ಕೆ, ಕಾಂಡದ ಕಡೆಗೆ, ರೆಂಬೆಯನ್ನೇ ಕತ್ತರಿಸಬೇಕು. ಕತ್ತರಿಸಿದ ಗಾಯಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಒಂದು ಲೀಟರ್ ನೀರಿನಲ್ಲಿ ಸೇರಿಸಿದ, ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮನ್ನು ಹಚ್ಚಿ.

ಬೇಲಿಯ ಮೆಣಸಿನ ಬಳ್ಳಿಗೆ ಮಳೆಗಾಲಕ್ಕೆ ಮುನ್ನ ಸಿಂಪಡಿಸುವ ಬೋರ್ಡೋ ದ್ರಾವಣ ಇದಕ್ಕಿಂತ ತೆಳು: 100 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೈದು ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ತಯಾರಿಸಿದ ದಿನವೇ ಬಳಸಿ ಮುಗಿಸಿ, ಮಕ್ಕಳನ್ನು ದೂರವಿಡಿ.

ಮನೆಯ ಮೇಲೆ ಬಾಗಿದ ದೊಡ್ಡ ಮರವನ್ನು ಉರುಳಿಸುವುದಿದ್ದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976ರ ಅಡಿಯಲ್ಲಿ ಸ್ವಂತ ಜಾಗದ ಮರವಾದರೂ ಹೆಚ್ಚಿನ ಜಾತಿಗಳಿಗೆ ಅನುಮತಿ ಬೇಕು. ವಿದ್ಯುತ್ ತಂತಿಗೆ ತಾಗುವ ರೆಂಬೆಗೆ ನೀವಾಗಲಿ ಆಳಾಗಲಿ ಏಣಿ ಇಡಬೇಡಿ, ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸಿದ ಮೇಲೆಯೇ ಆ ಕೆಲಸ.

ಮಣ್ಣು, ನೀರು, ಇಳಿಜಾರು

2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಕೊಡಗಿನವರಿಗೆ ಇಳಿಜಾರಿನ ಮಣ್ಣು ಎಷ್ಟು ನಂಬಿಗಸ್ತವೆಂದು ಹೇಳಬೇಕಾಗಿಲ್ಲ. ಸಮತಟ್ಟು ಮಾಡಲೆಂದು ಜೆಸಿಬಿ ತರಿಸಿ ಬರೆ (ಕಡಿದಾದ ಮಣ್ಣಿನ ದಿಬ್ಬ) ಕಡಿಯುವ ಯೋಚನೆಯನ್ನು ಬಿಡಿ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಲಾವಂಚದ ಹುಲ್ಲನ್ನು ಅರ್ಧ ಅಡಿಗೊಂದರಂತೆ ನೆಟ್ಟರೆ ಎರಡು ಮೂರು ಮಳೆಗಾಲಗಳಲ್ಲಿ ಅದರ ಹಿಂದೆ ಮಣ್ಣು ನಿಂತು ತಾನಾಗಿಯೇ ಮೆಟ್ಟಿಲಾಗುತ್ತದೆ. ಮಳೆನೀರು ಇಂಗಿಸಲು ಕಾಫಿ ತೋಟದಲ್ಲಿ ತೋಡುವ ತೊಟ್ಟಿಲು ಗುಂಡಿಯನ್ನು ಅಂಗಳದ ಅಳತೆಗೆ ಇಳಿಸಿಕೊಳ್ಳಲೂಬಹುದು, ಆದರೆ ಅದು ಸೌಮ್ಯ ಇಳಿಜಾರಿಗೆ ಮಾತ್ರ. ಮನೆಯ ಮೇಲ್ಬದಿಯ ಕಡಿದಾದ ಬರೆಯಲ್ಲಿ ನೀರು ಇಂಗಿಸಬಾರದು, ಹೊರಗೆ ಹರಿಸಬೇಕು. ಮೇ ತಿಂಗಳ ಮೂರನೇ ವಾರದೊಳಗೆ ಚರಂಡಿಗಳನ್ನೆಲ್ಲ ಬಿಡಿಸಿ, ಬೋಳು ನೆಲ ಎಲ್ಲಿಯೂ ಉಳಿಯದಂತೆ ಮುಚ್ಚಿರಬೇಕು.

ಸುಣ್ಣ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹಣ್ಣಿನ ಗಿಡಗಳ ಬಗ್ಗೆ ಕೇಳಲು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ನಮ್ಮ ಜಿಲ್ಲೆಯಲ್ಲಿಯೇ ಇದೆ.

ಏನು ನೆಡಬೇಕು

ಹೊಸ ಗಿಡಗಳನ್ನು ಜೂನ್ ಮೊದಲ ಮಳೆಗೆ ನೆಡಿ, ಅದಕ್ಕೂ ಮುಂಚೆ ನರ್ಸರಿಗೆ ಹೋಗಬೇಡಿ. ದಿನವೂ ಆರೈಕೆ ಕೇಳುವ ಗಿಡಗಳು ನಮ್ಮಂಥವರಿಗೆ ಸಲ್ಲ. ಸೀಮೆಬದನೆಯ ಒಂದು ಬಳ್ಳಿಗೆ ಚಪ್ಪರ ಕೊಟ್ಟರೆ ಮನೆಗೂ ನೆರೆಗೂ ಸಾಕಾಗುತ್ತದೆ. ಅರಿಶಿನ, ಕೆಸು, ಬಸಳೆ, ಸೂಜಿಮೆಣಸು ಹೆಚ್ಚು ಕೇಳುವುದಿಲ್ಲ. ಕಸಿ ಮಾಡಿದ ಒಂದು ಬಟರ್‌ಫ್ರೂಟ್, ಒಂದು ಸೀಬೆ, ಒಂದು ಚಕ್ಕೋತ ಮಕ್ಕಳು ದೊಡ್ಡವರಾಗುವುದರೊಳಗೆ ಹಣ್ಣು ಕೊಡುತ್ತವೆ. ಆನೆ ಬರುವ ಕಡೆಯವರು ಮನೆಯ ಹತ್ತಿರ ಹಲಸು ಬಾಳೆ ನೆಡುವ ಮುನ್ನ ಎರಡು ಸಲ ಯೋಚಿಸಬೇಕು. ಗೋಡೆಯ ತಂಪು ನೆರಳಿನಲ್ಲಿ ಮದ್ದು ಸೊಪ್ಪಿನ ನಾಲ್ಕು ಕಡ್ಡಿ ಊರಿದರೆ ಬೇರೇನೂ ಮಾಡಬೇಕಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಈ ಸೊಪ್ಪಿನಿಂದ ಮಾಡುವ ಪಾಯಸಕ್ಕೆ ಪೇಟೆಯಲ್ಲಿ ಕಟ್ಟು ಹುಡುಕುವುದು ತಪ್ಪುತ್ತದೆ.

ಮಕ್ಕಳಿಗೆ ಅವರದೇ ಆದ ಮೂರಡಿ ಪಾತಿಯೊಂದನ್ನು ಕೊಡಿ, ಅದರಲ್ಲಿ ಅವರು ಏನು ನೆಟ್ಟರೂ ತಿದ್ದಬೇಡಿ. ನಮ್ಮ ಚಿಕ್ಕವಳು ಮೊದಲ ವರ್ಷ ಬೀನ್ಸ್ ಬೀಜದ ಜೊತೆ ಒಂದು ಚಮಚವನ್ನೂ ನೆಟ್ಟಿದ್ದಳು.

ಮಳೆಗಾಲದಲ್ಲಿ

ಜುಲೈ, ಆಗಸ್ಟ್‌ನಲ್ಲಿ ನೆಲ ಅಗೆಯುವ ಕೆಲಸ ಯಾವುದೂ ಬೇಡ. ಮಳೆ ರಜೆ ಸಿಕ್ಕಿತೆಂದು ಇಳಿಜಾರಿಗೆ ಇಳಿಯಬೇಡಿ. ಈ ಎರಡು ತಿಂಗಳು ಉಳಿಯುವುದು ಮೂರೇ ಕೆಲಸ: ಮಳೆ ಬಿಟ್ಟಾಗ ಚರಂಡಿಯ ಎಲೆ ತೆಗೆಯುವುದು, ಮುಚ್ಚಿಗೆಯಿಂದ ತಲೆಯೆತ್ತಿದ ಮೈಕೇನಿಯಾವನ್ನು ಕಿತ್ತು ತಂತಿಗೆ ಹಾಕುವುದು, ಸಂಜೆ ಹೊತ್ತು ಬಸವನಹುಳು ಆರಿಸುವುದು. ಆಫ್ರಿಕದ ದೊಡ್ಡ ಬಸವನಹುಳು ಸೇರಿಕೊಂಡ ಅಂಗಳದಲ್ಲಿ ಎಳೆಯ ಸಸಿ ಒಂದೂ ಉಳಿಯುವುದಿಲ್ಲ. ಪಪ್ಪಾಯದ ಎಲೆಗಳನ್ನು ಒದ್ದೆ ಗೋಣಿಚೀಲದಡಿ ಇರಿಸಿದರೆ ಅವೆಲ್ಲ ಅಲ್ಲಿ ಬಂದು ಸೇರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಅವುಗಳ ಮೈಯಲ್ಲಿ ಮನುಷ್ಯರಿಗೆ ಅಪಾಯಕಾರಿಯಾದ ಪರಾವಲಂಬಿ ಹುಳು ಇರಬಹುದಾದ್ದರಿಂದ ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ, ಸೊಪ್ಪನ್ನು ಎರಡು ಸಲ ತೊಳೆಯುವಂತೆ ನೋಡಿಕೊಳ್ಳಿ.

ಸೆಪ್ಟೆಂಬರ್ ಬಂದಾಗ ಹಿಂದಿನ ವರ್ಷದ ಚಿತ್ರಗಳನ್ನು ತೆರೆದು, ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆಯಿರಿ. ಯಾವ ಚೌಕದಲ್ಲಿ ಕಳೆ ಮರಳಿದೆಯೋ ಅಲ್ಲಿಂದಲೇ ಎರಡನೇ ವರ್ಷದ ಕೆಲಸ ಆರಂಭವಾಗಬೇಕು, ಹೊಸ ಜಾಗ ಅದರ ನಂತರ. ನಮ್ಮ ಅಂಗಳದ ಕೆಳತುದಿಯ ಐದು ಸೆಂಟನ್ನು ನಾವು ಈವರೆಗೆ ತೆರೆದಿಲ್ಲ. ಅಲ್ಲಿನ ಯುಪಟೋರಿಯಂ ಅನ್ನು ಮಾತ್ರ ಪ್ರತಿ ನವೆಂಬರ್‌ನಲ್ಲಿ ಹೂಬಿಡುವ ಮುನ್ನ ಸವರಿ ಬರುತ್ತೇವೆ. ಉಳಿದದ್ದಕ್ಕೆ ಚಿಕ್ಕವಳು ಮೂರನೇ ತರಗತಿಗೆ ಬರಲಿ ಎಂದು ಕಾಯುತ್ತಿದ್ದೇವೆ.